ರಾಷ್ಟ್ರಗಳ ಜಗಳದಲ್ಲಿ ಧರ್ಮದ ಪಾತ್ರ

ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಎಂದೂ ಹಳತಾಗದ ಕೆಲವು ವಿಷಯಗಳಿವೆ. ‘ವಿಜ್ಞಾನ ವರವೋ ಶಾಪವೋ’, ‘ಖಡ್ಗ ಮೇಲೋ ಲೇಖನಿ ಮೇಲೋ’, ‘ಹಳ್ಳಿಯ ಬಾಳು ಲೇಸೋ ಪಟ್ಟಣದ ಬಾಳು ಲೇಸೋ’ ಎಂಬವುಗಳ ಸಾಲಿನಲ್ಲಿ ‘ಧರ್ಮವು ವಿಶ್ವಶಾಂತಿಗೆ ಪೂರಕವೋ ಮಾರಕವೋ’ ಎಂಬುದೂ ಒಂದು. ಪೂರಕವೆಂದು ವಾದಿಸುವವರು ಬುದ್ಧ, ಯೇಸು, ಪೈಗಂಬರ, ಬಸವಣ್ಣ, ಗಾಂಧೀಜಿ ಇವರೆಲ್ಲರನ್ನೂ ವೇದಿಕೆಗೆ ಕರೆತರುತ್ತಾರೆ. ಮಾರಕವೆಂದು ವಾದಿಸುವವರು ಯುರೋಪಿನ ಧರ್ಮಯುದ್ಧಗಳನ್ನೂ ನಮ್ಮ ದೇಶದ ವಿಭಜನೆಯ ಕಾಲದ ರಕ್ತಪಾತವನ್ನೂ ಎತ್ತಿ ಆಡುತ್ತಾರೆ. ಗಂಟೆ ಬಾರಿಸುತ್ತದೆ, ಚಪ್ಪಾಳೆ ಬೀಳುತ್ತದೆ, ಯಾರಿಗೋ ಬಹುಮಾನ ಸಲ್ಲುತ್ತದೆ. ಆದರೆ ಸಭೆಯಲ್ಲಿ ಕುಳಿತು ಕೇಳಿದ ನಾವು ಮನೆಗೆ ಏನನ್ನು ಕೊಂಡೊಯ್ಯುತ್ತೇವೆ? ಎರಡು ಪಟ್ಟಿಗಳನ್ನು ಮಾತ್ರ. ಒಂದರಲ್ಲಿ ಮಹಾತ್ಮರ ಹೆಸರುಗಳು, ಇನ್ನೊಂದರಲ್ಲಿ ಯುದ್ಧಗಳ ಹೆಸರುಗಳು. ಪಟ್ಟಿಗೆ ಪಟ್ಟಿ ಸರಿಹೋಗಿ ಪ್ರಶ್ನೆ ಇದ್ದಲ್ಲಿಯೇ ಉಳಿಯುತ್ತದೆ.

ಪ್ರಶ್ನೆಯನ್ನು ತುಸು ಬೇರೆಯಾಗಿ ಕೇಳಬೇಕೆಂದು ನಮ್ಮ ಅಭಿಪ್ರಾಯ. ಧರ್ಮ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದು ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಂತೆ. ಒಲೆಯಲ್ಲಿದ್ದರೆ ಅನ್ನ, ಬಣವೆಗೆ ಬಿದ್ದರೆ ಬೂದಿ. ಎರಡು ರಾಷ್ಟ್ರಗಳು ಕತ್ತಿ ಹಿರಿದು ನಿಂತಾಗ ಧರ್ಮ ಎಲ್ಲಿತ್ತು, ಯಾರ ಕೈಯಲ್ಲಿತ್ತು, ಏನು ಮಾಡಿತು? ಹೀಗೆ ಕೇಳಿದರೆ ಮಾತ್ರ ಉತ್ತರ ದೊರೆತೀತು. ಅಂಥ ಉತ್ತರ ಸುಭಾಷಿತಗಳಿಂದ ಬರುವುದಿಲ್ಲ. ನಡೆದ ಸಂಗತಿಗಳಿಂದ ಬರಬೇಕು. ಆದುದರಿಂದ ಇಲ್ಲಿ ಎರಡು ಘಟನೆಗಳನ್ನು ಜೊತೆಯಾಗಿಟ್ಟು ನೋಡಲು ಹೊರಟಿದ್ದೇವೆ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು. ಎರಡರಲ್ಲಿಯೂ ಜಗಳ ಹುಟ್ಟಿದ್ದು ನೀರಿನ ಮೇಲಿನ ಗಡಿಯ ವಿಷಯದಲ್ಲಿ. ಎರಡರಲ್ಲಿಯೂ ಉಭಯಪಕ್ಷದವರು ಒಂದೇ ಮತಕ್ಕೆ ಸೇರಿದವರು. ಆದರೆ ಒಂದು ಜಗಳ ಒಪ್ಪಂದದಲ್ಲಿ ಮುಗಿಯಿತು. ಇನ್ನೊಂದು ಎಂಟು ವರ್ಷಗಳ ಯುದ್ಧವಾಯಿತು.

ಮುಂದುವರಿಯುವ ಮುನ್ನ ಒಂದು ಮಾತು. ‘ಧರ್ಮ’ ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಅರ್ಥಗಳು ಬಹಳ. ಕರ್ತವ್ಯವೂ ಧರ್ಮ, ದಾನವೂ ಧರ್ಮ, ನ್ಯಾಯವೂ ಧರ್ಮ. ಇಲ್ಲಿ ಆ ಶಬ್ದವನ್ನು ದೇವರು, ಗುರು, ಗ್ರಂಥ, ಸಂಸ್ಥೆ ಇವುಗಳನ್ನು ಒಳಗೊಂಡ ಮತ ಎಂಬ ಅರ್ಥದಲ್ಲಿಯೇ ಬಳಸಿದ್ದೇವೆ. ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲನೆಯ ಘಟನೆ ದಕ್ಷಿಣ ಅಮೆರಿಕದ ತುತ್ತತುದಿಯದು. ಭೂಪಟವನ್ನು ತೆಗೆದು ಆ ಖಂಡದ ಬಾಲದಂತಿರುವ ಭಾಗವನ್ನು ನೋಡಿದರೆ ಪಶ್ಚಿಮಕ್ಕೆ ಉದ್ದನೆಯ ಚಿಲಿ, ಪೂರ್ವಕ್ಕೆ ಅಗಲವಾದ ಅರ್ಜೆಂಟೀನ, ನಡುವೆ ಆಂಡೀಸ್ ಪರ್ವತಶ್ರೇಣಿ ಕಾಣುತ್ತವೆ. ಅದರ ಕೊನೆಯಲ್ಲಿ ಬೀಗಲ್ ಎಂಬ ಕಿರಿದಾದ ಜಲಸಂಧಿಯಿದೆ. ವಿಜ್ಞಾನಿ ಡಾರ್ವಿನ್ ಪಯಣಿಸಿದ ಹಡಗಿನ ಹೆಸರೇ ಅದಕ್ಕೂ ಬಂದಿದೆ. ಆ ಜಲಸಂಧಿಯ ಪೂರ್ವದ ಬಾಯಲ್ಲಿ ಪಿಕ್ಟನ್, ಲೆನಾಕ್ಸ್, ನ್ಯುಯೇವಾ ಎಂಬ ಮೂರು ದ್ವೀಪಗಳಿವೆ. ಚಳಿಗಾಳಿ, ಹುಲ್ಲು, ಕುರಿಗಳನ್ನು ಬಿಟ್ಟರೆ ಅಲ್ಲಿ ಹೆಚ್ಚಿನದೇನೂ ಇಲ್ಲ. 1881ರ ಒಪ್ಪಂದದಲ್ಲಿ ಜಲಸಂಧಿಯ ದಕ್ಷಿಣಕ್ಕಿರುವ ದ್ವೀಪಗಳೆಲ್ಲ ಚಿಲಿಗೆ ಸೇರತಕ್ಕದ್ದೆಂದು ಬರೆದಿತ್ತು. ಆದರೆ ಜಲಸಂಧಿ ಪೂರ್ವದಲ್ಲಿ ನೇರವಾಗಿ ಹೋಗುತ್ತದೆಯೋ, ಇಲ್ಲವೆ ದಕ್ಷಿಣಕ್ಕೆ ಹೊರಳುತ್ತದೆಯೋ ಎಂಬುದನ್ನು ಬರೆದಿರಲಿಲ್ಲ. ನೇರ ಎಂದರೆ ಮೂರು ದ್ವೀಪಗಳು ಚಿಲಿಗೆ. ಹೊರಳುತ್ತದೆ ಎಂದರೆ ಅರ್ಜೆಂಟೀನಕ್ಕೆ. ಕುರಿ ಮೇಯುವ ದ್ವೀಪಗಳಿಗಾಗಿ ಇಷ್ಟು ಹಟವೇಕೆ ಎಂದರೆ, ದ್ವೀಪ ಯಾರದೋ ಸುತ್ತಣ ಕಡಲೂ ಅವರದು. ದಕ್ಷಿಣಧ್ರುವದ ಭೂಮಿಯ ಮೇಲಣ ಹಕ್ಕಿನ ವಾದಕ್ಕೂ ಅದರಿಂದ ಬಲ.

ಉಭಯರೂ ವಾದವನ್ನು 1971ರಲ್ಲಿ ಬ್ರಿಟನ್ನಿನ ರಾಣಿಯ ಪಂಚಾಯತಿಗೆ ಒಪ್ಪಿಸಿದರು. ಅಂತರರಾಷ್ಟ್ರೀಯ ನ್ಯಾಯಾಲಯದ ಐವರು ನ್ಯಾಯಾಧೀಶರು ಕುಳಿತು ವಿಚಾರಿಸಿದರು. 1977ರ ಮೇ 2ರಂದು ತೀರ್ಪು ಪ್ರಕಟವಾಯಿತು: ಮೂರು ದ್ವೀಪಗಳೂ ಚಿಲಿಯವು. 1978ರ ಜನವರಿಯಲ್ಲಿ ಅರ್ಜೆಂಟೀನ ‘ಈ ತೀರ್ಪು ನಮಗೆ ಒಪ್ಪಿಗೆಯಿಲ್ಲ, ಅದು ಅಸಿಂಧು’ ಎಂದು ಸಾರಿತು. ಆಗ ಎರಡೂ ದೇಶಗಳಲ್ಲಿ ಸೇನಾಧಿಪತಿಗಳ ಆಳ್ವಿಕೆ. ಅರ್ಜೆಂಟೀನದಲ್ಲಿ ವಿಡೇಲಾ, ಚಿಲಿಯಲ್ಲಿ ಪಿನೋಶೆ. ನ್ಯಾಯಾಲಯದ ಮಾತು ನಡೆಯದಿದ್ದ ಮೇಲೆ ಉಳಿದದ್ದು ಬಂದೂಕಿನ ಮಾತು. ಆ ವರ್ಷದ ಡಿಸೆಂಬರ್ ಹೊತ್ತಿಗೆ ಪರ್ವತದ ಕಣಿವೆಗಳಲ್ಲಿ ಸೈನ್ಯಗಳು ಜಮಾಯಿಸಿದವು. ಅರ್ಜೆಂಟೀನದ ನೌಕಾಪಡೆ ದಕ್ಷಿಣಕ್ಕೆ ಹೊರಟಿತು. ಡಿಸೆಂಬರ್ 22ರಂದು ದಾಳಿ ಎಂದು ಗೊತ್ತುಮಾಡಲಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎರಡೂ ರಾಷ್ಟ್ರಗಳ ಬಹುಸಂಖ್ಯಾತ ಜನ ರೋಮನ್ ಕ್ಯಾಥೊಲಿಕ್ ಕ್ರೈಸ್ತರು. ಎರಡು ಕಡೆಯ ಭಾಷೆಯೂ ಸ್ಪ್ಯಾನಿಷ್. ಸೇನಾಧಿಪತಿಗಳೂ ಇಗರ್ಜಿಗೆ ಹೋಗುವವರೇ. ಅಷ್ಟೇ ಅಲ್ಲ, ಈ ಎರಡು ದೇಶಗಳ ನಡುವೆ ಆಂಡೀಸ್ ಪರ್ವತದ ಕಣಿವೆಯೊಂದರಲ್ಲಿ, ಸಮುದ್ರಮಟ್ಟದಿಂದ ಸುಮಾರು 3800 ಮೀಟರ್ ಎತ್ತರದಲ್ಲಿ, ಗಡಿಯ ಮೇಲೆಯೇ ಯೇಸುಕ್ರಿಸ್ತನ ದೊಡ್ಡ ಪ್ರತಿಮೆ ನಿಂತಿದೆ. ಹಿಂದೆ ಇನ್ನೊಂದು ಗಡಿತಂಟೆ ಯುದ್ಧವಿಲ್ಲದೆ ಬಗೆಹರಿದುದರ ನೆನಪಿಗಾಗಿ, ಹಳೆಯ ಫಿರಂಗಿಗಳ ಕಂಚನ್ನು ಕರಗಿಸಿ ಎರಕ ಹೊಯ್ದು, 1904ರಲ್ಲಿ ಅದನ್ನು ಅಲ್ಲಿ ನಿಲ್ಲಿಸಿದರು. 74 ವರ್ಷಗಳ ಬಳಿಕ ಆ ಗಡಿಯ ಎರಡು ಮಗ್ಗುಲಿನಲ್ಲಿ ಹೊಸ ಫಿರಂಗಿಗಳು ಬಂದು ನಿಂತವು. ಒಂದೇ ಮತವಾದರೆ ಜಗಳವಿರದು ಎನ್ನುವವರಿಗೂ, ಪ್ರತಿಮೆ ನಿಲ್ಲಿಸಿದರೆ ಶಾಂತಿ ನೆಲೆಸೀತು ಎನ್ನುವವರಿಗೂ ಇದು ಉತ್ತರ.

ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. ಎರಡೂ ದೇಶಗಳ ಧರ್ಮಾಧ್ಯಕ್ಷರು ಆ ವರ್ಷವೆಲ್ಲ ಯುದ್ಧ ಬೇಡವೆಂದು ಹೇಳುತ್ತಲೇ ಬಂದಿದ್ದರು. ರೋಮಿನಲ್ಲಿ ಅಕ್ಟೋಬರಿನಲ್ಲಷ್ಟೆ ಪೋಪ್ ಪದವಿಗೆ ಏರಿದ್ದ ಎರಡನೆಯ ಜಾನ್ ಪಾಲ್ ಅವರು, ದಾಳಿಯ ಗಳಿಗೆ ಸಮೀಪಿಸಿದಾಗ, ತಮ್ಮ ಪ್ರತಿನಿಧಿಯೊಬ್ಬರನ್ನು ಎರಡೂ ರಾಜಧಾನಿಗಳಿಗೆ ಕಳುಹಿಸುವುದಾಗಿ ತಿಳಿಸಿದರು. ಕಡಲಿನಲ್ಲಿ ಬಿರುಗಾಳಿಯೆದ್ದು ನೌಕಾಪಡೆಗೆ ತಡವಾಗಿತ್ತು. ಅಷ್ಟರಲ್ಲಿ ಅರ್ಜೆಂಟೀನ ಪೋಪರ ಮಾತಿಗೆ ಒಪ್ಪಿತು. ದಾಳಿಯ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಕ್ರಿಸ್ಮಸ್ ಕಳೆದ ಮರುದಿನವೇ ಕಾರ್ಡಿನಲ್ ಅಂತೋನಿಯೊ ಸಾಮೊರೆ ಎಂಬ 73 ವರ್ಷದ ವೃದ್ಧರು ಅರ್ಜೆಂಟೀನದ ರಾಜಧಾನಿಯಲ್ಲಿ ವಿಮಾನದಿಂದಿಳಿದರು. ಅವರ ಕೈಯಲ್ಲಿ ಸೈನ್ಯವಿರಲಿಲ್ಲ, ಹಣವಿರಲಿಲ್ಲ, ದ್ವೀಪ ಯಾರದೆಂಬ ಸಿದ್ಧ ಉತ್ತರವೂ ಇರಲಿಲ್ಲ. ಬ್ಯೂನೊಸ್ ಐರಿಸಿನಿಂದ ಸಾಂತಿಯಾಗೊ, ಸಾಂತಿಯಾಗೊದಿಂದ ಬ್ಯೂನೊಸ್ ಐರಿಸ್ ಎಂದು ಅವರು ಅತ್ತಿಂದಿತ್ತ ತಿರುಗಿದರು. 1979ರ ಜನವರಿ 8ರಂದು ಉರುಗ್ವೆಯ ಮೊಂತೆವಿಡಿಯೊ ನಗರದಲ್ಲಿ ಎರಡೂ ದೇಶಗಳು ಕಾಗದಕ್ಕೆ ಸಹಿ ಹಾಕಿದವು: ಬಲಪ್ರಯೋಗ ಮಾಡುವುದಿಲ್ಲ, ಪೋಪರು ಮಧ್ಯಸ್ಥಿಕೆ ವಹಿಸಬೇಕು.

ಒಬ್ಬ ಧರ್ಮಗುರುವಿಗೆ ಇದು ಹೇಗೆ ಸಾಧ್ಯವಾಯಿತು? ಪೋಪರಿಗೆ ಎಷ್ಟು ಸೈನ್ಯದಳಗಳಿವೆ ಎಂದು ರಷ್ಯದ ಸ್ಟಾಲಿನ್ ಒಮ್ಮೆ ಹಾಸ್ಯವಾಗಿ ಕೇಳಿದನೆಂದು ಹೇಳುತ್ತಾರೆ. ವ್ಯಾಟಿಕನ್ ಎಂಬುದು ಕೇವಲ 44 ಹೆಕ್ಟೇರಿನ ರಾಜ್ಯ. ನಮ್ಮ ಕಡೆಯ ಒಬ್ಬ ದೊಡ್ಡ ಜಮೀನುದಾರನ ಹೊಲದಷ್ಟು. ಸ್ಟಾಲಿನ್ನನ ಪ್ರಶ್ನೆಗೆ ಉತ್ತರ ನಮ್ಮ ಹಳ್ಳಿಗಳಲ್ಲಿಯೇ ಇದೆ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಿರುತ್ತಾರೆ. ಇಬ್ಬರಿಗೂ ಒಳಗೊಳಗೆ ಅಂಜಿಕೆಯಿದೆ; ಹೊಡೆದಾಟ ಇಬ್ಬರಿಗೂ ಬೇಡ. ಆದರೆ ಮೊದಲು ಹಿಂದೆ ಸರಿದವನು ಊರವರ ಮುಂದೆ ಹೇಡಿಯೆನಿಸುತ್ತಾನೆ. ಆಗ ಮಠದ ಸ್ವಾಮಿಗಳೋ ಊರ ಹಿರಿಯರೋ ಇಬ್ಬರನ್ನೂ ಗುಡಿಯ ಕಟ್ಟೆಗೆ ಕರೆಯಿಸುತ್ತಾರೆ. ‘ನಿನಗೆ ಅಂಜಿ ಅಲ್ಲ, ಹಿರಿಯರ ಮಾತಿಗೆ ಬೆಲೆಕೊಟ್ಟು ಬಂದೆ’ ಎಂದು ಇಬ್ಬರೂ ಹೇಳಬಹುದು. ಇಬ್ಬರ ಮಾನವೂ ಉಳಿಯುತ್ತದೆ. ಸೇನಾಧಿಪತಿಗಳಿಗೆ ಬೇಕಾಗಿದ್ದುದೂ ಇಂಥ ಒಂದು ಕಟ್ಟೆಯೇ. ಆದರೆ ಒಂದು ಷರತ್ತು. ಕಟ್ಟೆಯ ಮೇಲೆ ಕುಳಿತ ಹಿರಿಯನಿಗೆ ಆ ಹೊಲದಲ್ಲಿ ಪಾಲಿರಬಾರದು. ಪಾಲಿದೆ ಎಂಬ ಗುಮಾನಿ ಬಂದರೂ ಸಾಕು, ಕೊಡಲಿ ಮತ್ತೆ ಕೈಗೆ ಬರುತ್ತದೆ.

ಇದೇ ಪೋಪ್ ಪೀಠ ಐದು ಶತಮಾನಗಳ ಹಿಂದೆ ಹೇಗೆ ನಡೆದುಕೊಂಡಿತ್ತೆಂಬುದನ್ನು ಹೋಲಿಸಿ ನೋಡಬಹುದು. ಕೊಲಂಬಸ್ ಅಮೆರಿಕವನ್ನು ಮುಟ್ಟಿ ಬಂದ ಮರುವರ್ಷ, 1493ರಲ್ಲಿ, ಆರನೆಯ ಅಲೆಕ್ಸಾಂಡರ್ ಎಂಬ ಪೋಪ್ ಹೊಸ ಭೂಮಿಯನ್ನು ಸ್ಪೇನಿಗೆ ದಯಪಾಲಿಸಿ ಆಜ್ಞಾಪತ್ರ ಹೊರಡಿಸಿದನು. ಮರುವರ್ಷ ಸ್ಪೇನ್, ಪೋರ್ಚುಗಲ್ ರಾಜರು ಕಡಲಿನ ಮೇಲೆ ಗೆರೆಯೆಳೆದು ಲೋಕವನ್ನೇ ಹಂಚಿಕೊಂಡರು. ಆ ನೆಲದಲ್ಲಿ ಬಾಳುತ್ತಿದ್ದ ಜನರನ್ನು ಒಂದು ಮಾತು ಕೇಳಿದವರಿಲ್ಲ. ಅಂದು ಧರ್ಮ ತನ್ನದಲ್ಲದ್ದನ್ನು ದಾನ ಮಾಡುವ ಒಡೆಯನಾಗಿತ್ತು. 1979ರಲ್ಲಿ ಅದು ಕೇಳಿಸಿಕೊಳ್ಳುವ ಹಿರಿಯನಾಗಿ ಬಂತು. ಪೀಠ ಅದೇ, ಪದವಿ ಅದೇ. ಕೂತ ಜಾಗ ಮಾತ್ರ ಬೇರೆ.

ಮಧ್ಯಸ್ಥಿಕೆ ಬೇಗ ಮುಗಿಯಿತೆಂದು ಯಾರೂ ತಿಳಿಯಬಾರದು. ಅದು ಸುಮಾರು ಆರು ವರ್ಷ ಎಳೆಯಿತು. 1980ರ ಡಿಸೆಂಬರ್ 12ರಂದು ಪೋಪರು ತಮ್ಮ ಸಲಹೆಯನ್ನು ಇಬ್ಬರ ಮುಂದಿಟ್ಟರು. ದ್ವೀಪಗಳು ಚಿಲಿಗೆ ಸೇರಲಿ; ಆದರೆ ಅವುಗಳ ಸುತ್ತ ಚಿಲಿಯ ಕಡಲು ಕಿರಿದಾಗಿರಲಿ; ಅದರಾಚೆಯ ನೀರನ್ನು ಇಬ್ಬರೂ ಕೂಡಿ ಬಳಸುವ ಶಾಂತಿಯ ಕಡಲನ್ನಾಗಿ ಮಾಡೋಣ ಎಂಬುದು ಅದರ ಸಾರ. ಚಿಲಿ ಒಪ್ಪಿತು. ಅರ್ಜೆಂಟೀನ ‘ಹೂಂ’ ಎನ್ನಲೂ ಇಲ್ಲ, ‘ಊಹೂಂ’ ಎನ್ನಲೂ ಇಲ್ಲ. ವರ್ಷಗಳು ಉರುಳಿದವು. 1982ರಲ್ಲಿ ಅರ್ಜೆಂಟೀನದ ಸೇನಾಧಿಪತಿಗಳು ಬೇರೊಂದು ದ್ವೀಪಸಮೂಹಕ್ಕಾಗಿ, ಫಾಕ್‌ಲೆಂಡಿಗಾಗಿ, ಬ್ರಿಟನ್ನಿನೊಡನೆ ಯುದ್ಧಕ್ಕಿಳಿದು ಸೋತರು. 1983ರ ಫೆಬ್ರವರಿಯಲ್ಲಿ ಸಾಮೊರೆಯವರು, ತಮ್ಮ ಕೆಲಸದ ಕೊನೆಯನ್ನು ಕಾಣದೆಯೇ, ತೀರಿಕೊಂಡರು. ಆ ವರ್ಷದ ಕೊನೆಗೆ ಅರ್ಜೆಂಟೀನದಲ್ಲಿ ಚುನಾವಣೆಯಿಂದ ಬಂದ ಆಲ್ಫೊನ್ಸಿನ್ ಅಧ್ಯಕ್ಷರಾದರು. ಅಲ್ಲಿಂದ ಕೆಲಸ ಚುರುಕಾಯಿತು.

ಆಲ್ಫೊನ್ಸಿನ್ ಅವರು ಮಾಡಿದ ಒಂದು ಕೆಲಸವನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಒಪ್ಪಂದದ ಕರಡನ್ನು ಅವರು ನೇರವಾಗಿ ಜನರ ಮುಂದಿಟ್ಟರು. 1984ರ ನವೆಂಬರ್ 25ರಂದು ನಡೆದ ಜನಮತಗಣನೆಯಲ್ಲಿ ಸುಮಾರು ನೂರಕ್ಕೆ 82 ಮಂದಿ ‘ಸರಿ’ ಎಂದರು. ನಾಲ್ಕು ದಿನಗಳ ತರುವಾಯ, ನವೆಂಬರ್ 29ರಂದು, ವ್ಯಾಟಿಕನ್ನಿನಲ್ಲಿ ಎರಡೂ ದೇಶಗಳ ವಿದೇಶಾಂಗ ಮಂತ್ರಿಗಳು ಶಾಂತಿ ಮತ್ತು ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದರು. ದ್ವೀಪಗಳು ಚಿಲಿಗಾದವು. ಕಡಲಿನ ಗೆರೆ ಅರ್ಜೆಂಟೀನಕ್ಕೆ ಒಪ್ಪುವಂತಾಯಿತು. ಮುಂದೆ ತಕರಾರು ಬಂದರೆ ಹೇಗೆ ಕುಳಿತು ಬಗೆಹರಿಸಬೇಕೆಂಬ ಕ್ರಮವನ್ನೂ ಬರೆದಿಟ್ಟರು. ಅಷ್ಟಾದರೂ ಅರ್ಜೆಂಟೀನದ ಮೇಲ್ಮನೆಯಲ್ಲಿ ಒಪ್ಪಂದ ಪಾರಾದದ್ದು ಒಂದೇ ಒಂದು ಮತದ ಅಂತರದಿಂದ. ಸ್ಥಿರೀಕರಣಪತ್ರಗಳ ವಿನಿಮಯ 1985ರ ಮೇ 2ರಂದು ಆಯಿತು. ಅಂದಿನಿಂದ ಇಂದಿನವರೆಗೆ ಆ ಗಡಿಯಲ್ಲಿ ಯುದ್ಧವಿಲ್ಲ. ಎರಡು ದೇಶಗಳನ್ನು ಕೂಡಿಸುವ ಒಂದು ಪರ್ವತದಾರಿಗೆ ಕಾರ್ಡಿನಲ್ ಸಾಮೊರೆಯವರ ಹೆಸರಿಟ್ಟಿದ್ದಾರೆ.

ಈಗ ಎರಡನೆಯ ಘಟನೆ. ಅದು ಪಶ್ಚಿಮ ಏಷ್ಯದ್ದು. ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಕೂಡಿ ಶತ್-ಅಲ್-ಅರಬ್ ಎಂಬ ಹೆಸರಿನಿಂದ ಸುಮಾರು 200 ಕಿಲೋಮೀಟರ್ ಹರಿದು ಪರ್ಷಿಯನ್ ಕೊಲ್ಲಿಯನ್ನು ಸೇರುತ್ತವೆ. ಕೊನೆಯ ಭಾಗದಲ್ಲಿ ನದಿಯ ಒಂದು ದಂಡೆ ಇರಾಕ್, ಇನ್ನೊಂದು ಇರಾನ್. ಗಡಿ ಇರಾನಿನ ದಂಡೆಯಲ್ಲಿರಬೇಕೋ ನದಿಯ ನಡುಮಧ್ಯದಲ್ಲಿರಬೇಕೋ ಎಂಬುದು ಹಳೆಯ ತಕರಾರು. 1975ರಲ್ಲಿ ಅಲ್ಜೀರಿಯದ ಅಧ್ಯಕ್ಷರ ಮಧ್ಯಸ್ಥಿಕೆಯಲ್ಲಿ ನದಿಯ ಆಳದ ನಡುಗೆರೆಯೇ ಗಡಿ ಎಂದು ಒಪ್ಪಂದವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಧರ್ಮಗುರು ಖೊಮೇನಿಯವರ ಆಳ್ವಿಕೆ ಬಂತು. 1980ರ ಸೆಪ್ಟೆಂಬರ್ 17ರಂದು ಇರಾಕಿನ ಸದ್ದಾಂ ಹುಸೇನ್ 1975ರ ಒಪ್ಪಂದವನ್ನು ರದ್ದುಪಡಿಸಿದರು. 22ರಂದು ಅವರ ಸೈನ್ಯ ಇರಾನಿನೊಳಗೆ ನುಗ್ಗಿತು.

ಇಲ್ಲಿಯೂ ಉಭಯರು ಒಂದೇ ಮತದವರು, ಮುಸಲ್ಮಾನರು. ಇರಾನಿನಲ್ಲಿ ಬಹುಸಂಖ್ಯಾತರು ಶಿಯಾ ಪಂಥದವರು. ಇರಾಕಿನ ಆಡಳಿತ ಸುನ್ನಿಗಳ ಕೈಯಲ್ಲಿದ್ದರೂ ಅಲ್ಲಿಯೂ ಜನರಲ್ಲಿ ಶಿಯಾಗಳೇ ಹೆಚ್ಚು. ಆದುದರಿಂದ ಎಷ್ಟೋ ಕಡೆ ಶಿಯಾ ಸೈನಿಕನೇ ಶಿಯಾ ಸೈನಿಕನ ಮೇಲೆ ಗುಂಡು ಹಾರಿಸಿದನು. ಆದರೆ ಬೀಗಲ್ ಪ್ರಕರಣಕ್ಕೂ ಇದಕ್ಕೂ ಒಂದು ವ್ಯತ್ಯಾಸ. ಇಲ್ಲಿ ಧರ್ಮ ಕಟ್ಟೆಯ ಮೇಲೆ ಕುಳಿತಿರಲಿಲ್ಲ. ಎರಡೂ ಸೈನ್ಯಗಳ ಧ್ವಜದ ಮೇಲೆ ಏರಿ ಕುಳಿತಿತ್ತು. ಸದ್ದಾಂ ಹುಸೇನ್ ತಮ್ಮ ಯುದ್ಧಕ್ಕೆ ಕಾದಿಸಿಯ್ಯಾ ಎಂದು ಹೆಸರಿಟ್ಟರು. ಏಳನೆಯ ಶತಮಾನದಲ್ಲಿ ಅರಬ್ ಮುಸಲ್ಮಾನರು ಪರ್ಷಿಯನ್ ಸಾಮ್ರಾಜ್ಯವನ್ನು ಸೋಲಿಸಿದ ರಣರಂಗದ ಹೆಸರು ಅದು. ಇರಾನ್ ತನ್ನ ಹೋರಾಟವನ್ನು ಪವಿತ್ರ ರಕ್ಷಣೆ ಎಂದು ಕರೆಯಿತು. ತನ್ನ ದಾಳಿಗಳಿಗೆ ಇಮಾಮ್ ಹುಸೇನರು ಹುತಾತ್ಮರಾದ ಕರ್ಬಲದ ಹೆಸರನ್ನು ಕೊಟ್ಟಿತು. ಹೀಗೆ ಹೆಸರಿಟ್ಟ ಮೇಲೆ ಅದು ನದಿಯ ಗಡಿಯ ಜಗಳವಾಗಿ ಉಳಿಯಲಿಲ್ಲ. ಗಡಿಯ ಜಗಳದಲ್ಲಿ ಎರಡು ಮೈಲು ಬಿಟ್ಟುಕೊಡಬಹುದು. ಕರ್ಬಲದಲ್ಲಿ ಎರಡು ಮೈಲು ಬಿಟ್ಟುಕೊಡುವುದು ಹೇಗೆ?

ಮಧ್ಯಸ್ಥರು ಇಲ್ಲಿಯೂ ಬಂದರು. ಮುಸ್ಲಿಮ್ ರಾಷ್ಟ್ರಗಳೆಲ್ಲ ಸೇರಿದ ಇಸ್ಲಾಮಿಕ್ ಸಮ್ಮೇಳನ ಸಂಸ್ಥೆಯು ಗಿನಿ ದೇಶದ ಅಧ್ಯಕ್ಷ ಸೆಕು ತೂರೆಯವರ ಮುಂದಾಳುತನದಲ್ಲಿ ಒಂದು ಸದ್ಭಾವನಾ ಸಮಿತಿಯನ್ನು ಕಳುಹಿಸಿತು. ಸಮಿತಿಯವರು ಟೆಹರಾನಿಗೂ ಬಾಗ್ದಾದಿಗೂ ಹೋಗಿ 1981ರ ಮಾರ್ಚಿನಲ್ಲಿ ತಮ್ಮ ಸಲಹೆಗಳನ್ನು ಮಂಡಿಸಿದರು. ಎರಡೂ ಕಡೆ ಅವು ತಿರಸ್ಕೃತವಾದವು. ಸೋದರರೇ ಬಂದು ಹೇಳಿದರೂ ಏಕೆ ನಡೆಯಲಿಲ್ಲ? ದಾಳಿ ಮಾಡಿದವರು ಯಾರೆಂದು ಮೊದಲು ಹೇಳಿರಿ ಎಂಬುದು ಇರಾನಿನ ಪಟ್ಟು. ಅದನ್ನು ಹೇಳಲು ಸಂಸ್ಥೆಯಿಂದಾಗಲಿಲ್ಲ. ಅದರ ಸದಸ್ಯರಲ್ಲಿ ಹಲವು ಅರಬ್ ದೊರೆಗಳು ಇರಾನಿನ ಕ್ರಾಂತಿ ತಮ್ಮ ಮನೆಗೂ ಬಂದೀತೆಂದು ಅಂಜಿ ಇರಾಕಿಗೆ ಬೆಂಬಲವಾಗಿದ್ದರು. ಕಟ್ಟೆಯ ಮೇಲಿನ ಹಿರಿಯರಿಗೆ ಹೊಲದಲ್ಲಿ ಪಾಲಿತ್ತು. ಕೊನೆಗೆ 1987ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿ ಮಾಡಿದ 598ನೆಯ ನಿರ್ಣಯವನ್ನು ಇರಾನ್ ಮರುವರ್ಷ ಒಪ್ಪಿ, 1988ರ ಆಗಸ್ಟ್ 20ರಂದು ಯುದ್ಧ ನಿಂತಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. 1990ರಲ್ಲಿ ಕುವೈತಿನ ಮೇಲೆ ಬಿದ್ದ ಸದ್ದಾಂ ಹುಸೇನ್, ಇರಾನಿನ ಕಡೆಯಿಂದ ನಿಶ್ಚಿಂತರಾಗಲೆಂದು, ತಾವೇ ರದ್ದುಪಡಿಸಿದ್ದ 1975ರ ಗೆರೆಯನ್ನು ಮತ್ತೆ ಒಪ್ಪಿಕೊಂಡರು. ಹತ್ತು ವರ್ಷಗಳ ಹಿಂದೆ ಗಡಿ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು. ಸತ್ತವರು ಮಾತ್ರ ಹಿಂದಿರುಗಲಿಲ್ಲ.

ಎರಡು ಘಟನೆಗಳನ್ನು ಹೀಗೆ ಹೋಲಿಸಿದಾಗ ನಮಗೆ ತೋರುವುದಿಷ್ಟು. ಮತ ಒಂದೇ ಆಗಿರುವುದರಿಂದ ರಾಷ್ಟ್ರಗಳ ನಡುವೆ ಸ್ನೇಹ ತಾನಾಗಿ ಬರುವುದಿಲ್ಲ. ಇದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ. ಒಂದೇ ಮತದ ಆಧಾರದ ಮೇಲೆ ಕಟ್ಟಿದ ಪಾಕಿಸ್ತಾನದ ಪೂರ್ವಭಾಗ, ತನ್ನ ಬಂಗಾಳಿ ಭಾಷೆಯ ಮತ್ತು ತನ್ನ ಮತಪೆಟ್ಟಿಗೆಯ ಮಾನಕ್ಕಾಗಿ ಸಿಡಿದೆದ್ದು 1971ರಲ್ಲಿ ಬಾಂಗ್ಲಾದೇಶವಾಯಿತು. ಹಾಗೆಯೇ ಮತ ಬೇರೆಯಾಗಿದ್ದ ಮಾತ್ರಕ್ಕೆ ಯುದ್ಧವೂ ತಾನಾಗಿ ಬರುವುದಿಲ್ಲ. ಜಗಳಕ್ಕೆ ಬೇರು ನೆಲ, ನೀರು, ಎಣ್ಣೆ, ಅಧಿಕಾರ, ಅಂಜಿಕೆ ಇವುಗಳಲ್ಲಿರುತ್ತದೆ. ಜಗಳ ಹುಟ್ಟಿದ ಮೇಲೆ ಧರ್ಮಕ್ಕೆ ಎರಡು ದಾರಿಗಳು. ಧ್ವಜದ ಮೇಲೇರಿದರೆ ಅದು ಜಗಳವನ್ನು ಬಗೆಹರಿಯದಂತೆ ಮಾಡುತ್ತದೆ. ಏಕೆಂದರೆ ದೇವರ ಹೆಸರಿನಲ್ಲಿ ಎತ್ತಿದ ಕತ್ತಿಯನ್ನು ಒರೆಗೆ ಸೇರಿಸಲು ಮನುಷ್ಯರಿಗೆ ಧೈರ್ಯ ಸಾಲದು. ಪಾಲು ಬೇಡದ ಹಿರಿಯನಾಗಿ ಕಟ್ಟೆಯ ಮೇಲೆ ಕುಳಿತರೆ, ಕತ್ತಿ ಹಿಡಿದವರಿಗೆ ಮಾನಸಹಿತ ಹಿಂದಿರುಗುವ ದಾರಿಯನ್ನೂ ಯೋಚನೆಗೆ ವೇಳೆಯನ್ನೂ ಅದು ಕೊಡುತ್ತದೆ.

ವೇಳೆಯನ್ನು ಕೊಡುತ್ತದೆ ಎಂದೆವು. ಅದಕ್ಕಿಂತ ಹೆಚ್ಚಿನದನ್ನು ಹೇಳಲು ನಾವು ಸಿದ್ಧರಿಲ್ಲ. ಪೋಪರ ಸಲಹೆ ನಾಲ್ಕು ವರ್ಷ ಮೇಜಿನ ಮೇಲೆಯೇ ಬಿದ್ದಿತ್ತು. ಅದಕ್ಕೆ ಜೀವ ಬಂದದ್ದು ಅರ್ಜೆಂಟೀನದಲ್ಲಿ ಸೇನೆಯ ಆಳ್ವಿಕೆ ಹೋಗಿ ಜನರ ಆಳ್ವಿಕೆ ಬಂದಾಗ. ಧರ್ಮ ಯುದ್ಧವನ್ನು ತಡೆದು ನಿಲ್ಲಿಸಿತು. ಶಾಂತಿಯನ್ನು ಮಾಡಿದವರು ಮತಗಟ್ಟೆಯಲ್ಲಿ ಸಾಲುಗಟ್ಟಿ ನಿಂತ ಸಾಮಾನ್ಯ ಜನ. ಇನ್ನೂ ಒಂದು ಕೊರತೆಯನ್ನು ಮುಚ್ಚಿಡಬಾರದು. ಆ ಎರಡೂ ಸೇನಾಡಳಿತಗಳು ತಮ್ಮದೇ ಸಾವಿರಾರು ಪ್ರಜೆಗಳನ್ನು ಹಿಡಿದು ಹಿಂಸಿಸಿ ಕೊಂದಿದ್ದವು. ಚಿಲಿಯಲ್ಲಿ ಕಾರ್ಡಿನಲ್ ಸಿಲ್ವಾ ಹೆನ್ರಿಕೆಸ್ ನೊಂದವರ ಪರವಾಗಿ ನಿಂತರು. ಅರ್ಜೆಂಟೀನದ ಧರ್ಮಾಧ್ಯಕ್ಷರಲ್ಲಿ ಹಲವರು ಮೌನವಾಗಿದ್ದರೆಂಬ ಆಕ್ಷೇಪ ಇಂದಿಗೂ ಇದೆ. ಎರಡು ದೊರೆಗಳ ನಡುವೆ ರಾಜಿಯಾದರೆ ಪ್ರಜೆಗಳಿಗೆ ನ್ಯಾಯ ಸಿಕ್ಕಂತಾಗಲಿಲ್ಲ. ಬೀಗಲ್ ಜಲಸಂಧಿಯ ದಂಡೆಯಲ್ಲಿ ಈ ಎರಡು ದೇಶಗಳು ಹುಟ್ಟುವ ಎಷ್ಟೋ ಮೊದಲು ಯಾಗಾನ್ ಎಂಬ ಜನ ದೋಣಿಗಳಲ್ಲಿ ಬಾಳುತ್ತಿದ್ದರು. ಹೊರಗಿನಿಂದ ಬಂದ ರೋಗಗಳಿಂದ ಅವರು ನಶಿಸುತ್ತ ಬಂದರು. ಅವರ ನುಡಿಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ಅಜ್ಜಿ 2022ರಲ್ಲಿ ತೀರಿಕೊಂಡರು. ದ್ವೀಪ ಯಾರದೆಂಬ ಮಾತಿನಲ್ಲಿ ಅವರನ್ನು ಯಾವ ಪಂಚಾಯತಿಯೂ ಕರೆಯಲಿಲ್ಲ. ತಾಯ್ನುಡಿಯ ಶಾಲೆಯಲ್ಲಿ ಓದುವ ನಾವು ಇದನ್ನು ಮರೆಯಲಾಗದು.

ನಮ್ಮ ದೇಶದ ಗಡಿಯಲ್ಲಿಯೂ ಇಂಥ ಒಂದು ಪ್ರಯೋಗ ನಡೆಯಿತು. ಗುರು ನಾನಕರು ತಮ್ಮ ಕೊನೆಯ ವರ್ಷಗಳನ್ನು ಕಳೆದ ಕರ್ತಾರ್‌ಪುರ 1947ರ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋಯಿತು. ಗಡಿಯಿಂದ ಗುರುದ್ವಾರಕ್ಕೆ ಐದು ಕಿಲೋಮೀಟರ್ ಸಹ ಇಲ್ಲ. ಸಿಖ್ಖರು ದಶಕಗಳ ಕಾಲ ಈಚೆಯ ದಂಡೆಯಲ್ಲಿ ನಿಂತು ದೂರದಿಂದಲೇ ಕೈಮುಗಿಯುತ್ತಿದ್ದರು. ನಾನಕರ 550ನೆಯ ಜಯಂತಿಯ ವರ್ಷ, 2019ರ ನವೆಂಬರ್ 9ರಂದು, ವೀಸಾ ಇಲ್ಲದೆ ಹೋಗಿಬರುವ ದಾರಿ ತೆರೆಯಿತು. ರೋಗದ ದೆಸೆಯಿಂದ 2020ರಲ್ಲಿ ಮುಚ್ಚಿದ್ದು 2021ರಲ್ಲಿ ಮತ್ತೆ ತೆರೆಯಿತು. 2025ರ ಮೇ ತಿಂಗಳಲ್ಲಿ ಎರಡು ದೇಶಗಳ ನಡುವೆ ಕಾದಾಟವಾದಾಗ ನಮ್ಮ ಕಡೆಯಿಂದ ಅದನ್ನು ಮುಚ್ಚಬೇಕಾಯಿತು. ಭಕ್ತಿ ಬಾಗಿಲನ್ನು ತೆರೆಯಿಸಬಲ್ಲದು. ಬೀಗದ ಕೈ ಮಾತ್ರ ಸರಕಾರಗಳ ಸೊಂಟದಲ್ಲಿಯೇ ಇರುತ್ತದೆ. ಆದರೂ ಆ ದಾರಿಯಲ್ಲಿ ಒಮ್ಮೆ ನಡೆದು ಬಂದವರ ಮನಸ್ಸಿನಲ್ಲಿ ಆಚೆಯ ಜನ ಬರಿಯ ‘ಶತ್ರು’ ಆಗಿ ಉಳಿದಿರಲಾರರೆಂದು ನಾವು ನಂಬುತ್ತೇವೆ.

ಗಡಿನಾಡಿನವರಾದ ನಮಗೆ ಇದು ಅರ್ಥವಾಗದ ಮಾತಲ್ಲ. ನಮ್ಮದು ರಾಷ್ಟ್ರಗಳ ಗಡಿಯಲ್ಲ, ಒಂದೇ ದೇಶದ ರಾಜ್ಯಗಳ ಗಡಿ. ಅಲ್ಲಿ ಫಿರಂಗಿಗಳಿಲ್ಲವೆಂಬುದು ನಮ್ಮ ಭಾಗ್ಯ. ಆದರೂ ಗಡಿಯ ಮಾತು ಎದ್ದಾಗ ಬಸ್ಸುಗಳು ನಿಲ್ಲುವುದನ್ನೂ ಫಲಕಗಳಿಗೆ ಮಸಿ ಬೀಳುವುದನ್ನೂ ಕಂಡವರು ನಾವು. ಅದೇ ಹೊತ್ತಿನಲ್ಲಿ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನ ಮಾಡಿದ ಮರಾಠಿ ಭಕ್ತ ಗಾಣಗಾಪುರದ ದತ್ತನ ಕಡೆಗೆ ಹೊರಡುತ್ತಾನೆ. ಕನ್ನಡದ ವಾರಕರಿ ಪಂಢರಪುರದ ದಾರಿ ಹಿಡಿಯುತ್ತಾನೆ. ದಾರಿಯಲ್ಲಿ ಅವರಿಗೆ ನೀರು ಕೊಡುವವರು ಮೊದಲು ಭಾಷೆ ಕೇಳುವುದಿಲ್ಲ. ಈ ನಡಿಗೆಯಿಂದ ಗಡಿತಂಟೆ ಬಗೆಹರಿದಿಲ್ಲ, ನಿಜ. ಆದರೆ ತಂಟೆಯ ಮಾತು ಕೇಳಿದಾಗ ಆಚೆಯವರ ಮುಖ ನೆನಪಿಗೆ ಬರುತ್ತದೆ. ಮುಖ ನೆನಪಿರುವವನು ಕಲ್ಲೆತ್ತುವ ಮುನ್ನ ಒಂದು ಗಳಿಗೆ ತಡೆಯುತ್ತಾನೆ.

ಆದುದರಿಂದ ಮುಂದಿನ ಸಲ ನಮ್ಮ ಚರ್ಚಾಸ್ಪರ್ಧೆಗೆ ವಿಷಯ ಕೊಡುವವರಲ್ಲಿ ನಮ್ಮದೊಂದು ವಿನಂತಿ. ‘ಧರ್ಮ ಪೂರಕವೋ ಮಾರಕವೋ’ ಎಂಬುದನ್ನು ಬದಿಗಿಟ್ಟು, ‘ಜಗಳದಲ್ಲಿ ಧರ್ಮ ಎಲ್ಲಿ ನಿಲ್ಲಬೇಕು’ ಎಂದು ಕೇಳಿ ನೋಡಲಿ. ಉತ್ತರ ಹೇಳಬೇಕಾದವರು ಪೋಪರು, ಇಮಾಮರು, ಮಠಾಧಿಪತಿಗಳು ಮಾತ್ರವಲ್ಲ. ದೇವರ ಹೆಸರು ಹೇಳಿ ನೆರೆನಾಡನ್ನು ಬೈಯುವ ಭಾಷಣ ಕೇಳಿದಾಗ ನಾವು ಚಪ್ಪಾಳೆ ತಟ್ಟುತ್ತೇವೆಯೋ ಸುಮ್ಮನಿರುತ್ತೇವೆಯೋ ಎಂಬುದೂ ಒಂದು ಉತ್ತರವೇ. ಸಾಮೊರೆಯವರು ಗೆದ್ದದ್ದು ಒಂದೇ ಒಂದು ಕಾಗದದ ಸಹಿ. ಅದರಿಂದ ಉಳಿದದ್ದು ಎರಡು ದೇಶಗಳ ಎಷ್ಟೋ ತರುಣರ ಜೀವ. ನಮ್ಮ ಓರಗೆಯವರ ಜೀವ ಎಂದೇ ಅದನ್ನು ಎಣಿಸಬೇಕು. ಯಾವ ಯುದ್ಧವಾದರೂ ಮೊದಲು ಸಾಯುವವರು ಶಾಲೆಯ ಬೆಂಚನ್ನು ಬಿಟ್ಟು ಹೆಚ್ಚು ದಿನವಾಗದ ಹುಡುಗರು.